ವಿಮಾನದ ಹೊಟ್ಟೆಯ ಕೆಳಗೆ

ಹಾಸನಕ್ಕೆ ಮರಳಿದ ಮೇಲೆ ಯಾರ ಹತ್ತಿರ ಈ ಮ್ಯೂಸಿಯಂ ಮಾತೆತ್ತಿದರೂ ಮೊದಲು ಕೇಳುವುದು ಟಿಕೆಟ್ ಎಷ್ಟು ಎಂದು. ಟಿಕೆಟ್ಟೇ ಇಲ್ಲ ಎಂದರೆ ನಂಬುವುದಿಲ್ಲ. ಬೆಳಗಿನ ನಡಿಗೆಯ ಗೆಳತಿಯರಂತೂ ಅಮೆರಿಕದಲ್ಲಿ ಬಿಟ್ಟಿ ಸಿಗುವ ವಸ್ತುವೂ ಉಂಟೇ ಎಂದು ನನ್ನನ್ನೇ ಅನುಮಾನಿಸಿದರು. ಉಂಟು. ಒಹಾಯೊ ರಾಜ್ಯದ ಡೇಟನ್ ನಗರದ ಪಕ್ಕ, ರೈಟ್-ಪ್ಯಾಟರ್ಸನ್ ವಾಯುನೆಲೆಯ ಆವರಣದಲ್ಲಿ ಅಮೆರಿಕದ ವಾಯುಪಡೆಯ ರಾಷ್ಟ್ರೀಯ ಮ್ಯೂಸಿಯಂ ಇದೆ. ಶುರುವಾದದ್ದು 1923ರಲ್ಲಿ. ಸೇನಾ ವಿಮಾನಗಳ ಮ್ಯೂಸಿಯಂಗಳಲ್ಲಿ ಜಗತ್ತಿಗೇ ದೊಡ್ಡದು. ವಿಮಾನ, ಕ್ಷಿಪಣಿ ಸೇರಿ 350ಕ್ಕೂ ಹೆಚ್ಚು ಇವೆ. ಕಮಾನು ಚಾವಣಿಯ ಭಾರೀ ಹ್ಯಾಂಗರುಗಳು ಒಂದರ ಪಕ್ಕ ಒಂದು ನಿಂತಿವೆ. ಎಲ್ಲ ಸೇರಿ ಸುಮಾರು 19 ಎಕರೆ ಸೂರು. ಅರಕಲಗೂಡು ಕಡೆಯ ಹಳ್ಳಿಯಲ್ಲಿ ಮೂರೆಕರೆಯಲ್ಲಿ ಶುಂಠಿ, ರಾಗಿ ಮಾಡಿಕೊಂಡಿರುವ ನಮ್ಮ ಅಣ್ಣನಿಗೆ ಈ ಲೆಕ್ಕ ಹೇಳಿದಾಗ, ‘ಅಷ್ಟು ದೊಡ್ಡ ಸೂರು ಸೋರಿದರೆ ಮೇಲೆ ಹತ್ತುವವರು ಯಾರು?’ ಎಂದು ಕೇಳಿದ. ಅವನ ಬುದ್ಧಿ ಹರಿಯುವುದೇ ಹಾಗೆ. ಈ ಬರಹದಲ್ಲಿ ಅರ್ಧ ಪಾಲು ಅವನದು.

ಕೊಲಂಬಸ್‌ನಲ್ಲಿರುವ ಮಗಳ ಮನೆಯಿಂದ ಡೇಟನ್‌ಗೆ ಕಾರಿನಲ್ಲಿ ಒಂದು ತಾಸಿಗಿಂತ ತುಸು ಹೆಚ್ಚಿನ ದಾರಿ. ಅಳಿಯಂದಿರಿಗೆ ವಿಮಾನದ ಹುಚ್ಚು. ನನಗೆ ಇಲ್ಲ. ವಿಮಾನ ಎಂದರೆ ಹಾಸನದವರಿಗೆ ನೆನಪಾಗುವುದು ಬೂವನಹಳ್ಳಿ. 2007ರಲ್ಲಿ ಅಡಿಗಲ್ಲು ಕಂಡು, 2021ರಲ್ಲಿ ಮತ್ತೊಮ್ಮೆ ಪೂಜೆ ಕಂಡ ನಿಲ್ದಾಣ. ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ಸಾಮಾನ್ಯ ಜನರನ್ನೆಲ್ಲ ವಿಮಾನ ಹತ್ತಿಸಿದರು. ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದ ಆಂಟೆನಾಗಳು ಆಕಾಶದ ಉಪಗ್ರಹಗಳನ್ನು ಅಂಕೆಯಲ್ಲಿಟ್ಟಿವೆ. ನಾನು ಮಾತ್ರ ಮಗಳ ಮನೆಗೆ ಹೋಗಲು ಬೆಂಗಳೂರಿನ ಬಸ್ಸನ್ನೇ ಹತ್ತಿದ್ದು.

ಹೊರಡುವ ಮುಂಚೆ ಅಣ್ಣ ಒಂದು ಕೆಲಸ ಒಪ್ಪಿಸಿದ್ದ. ‘ಅಲ್ಲಿ ಲಿಬರೇಟರ್ ಇರಲೇಬೇಕು. ಬಿ-24. ಮುಂದಿನಿಂದ ಫೋಟೊ ತೆಗೆಯಬೇಡ, ಅದನ್ನು ಎಲ್ಲರೂ ತೆಗೆಯುತ್ತಾರೆ. ಕೆಳಗಿನಿಂದ ತೆಗೆ. ಚಕ್ರ ಮೇಲಕ್ಕೆ ಹೋಗುವ ಗೂಡು, ಬಾಂಬಿನ ಬಾಗಿಲು, ಇಂಜಿನ್ನಿನ ತಳ.’

ಅಣ್ಣ ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವನು. ಊರಿನವರಿಗೆ ಭೂಸೇನೆ, ನೌಕಾಸೇನೆ, ವಾಯುಸೇನೆ ಎಲ್ಲವೂ ಒಂದೇ. ಅವನು ಇಂದಿಗೂ ‘ಮಿಲಿಟರಿ’. ರಜೆಗೆ ಬಂದಾಗ ಎಷ್ಟು ವಿಮಾನ ಓಡಿಸಿದೆ ಎಂದು ಕೇಳಿದವರಿಗೆಲ್ಲ ನಾನು ಓಡಿಸುವುದಿಲ್ಲ, ರಿಪೇರಿ ಮಾಡುತ್ತೇನೆ ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ ಸುಮ್ಮನೆ ನಗುವುದನ್ನು ಕಲಿತ. 1965ರಲ್ಲಿ ಸೇರಿ, ತಾಂಬರಂನಲ್ಲಿ ತರಬೇತಿ ಮುಗಿಸಿ, ಪುಣೆಗೆ ಹೋದ. ಅಲ್ಲಿ ಅವನ ಪಾಲಿಗೆ ಬಂದದ್ದು ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಲಿಬರೇಟರ್ ಬಾಂಬರುಗಳು. ಅವನಿಗಿಂತ ವಯಸ್ಸಿನಲ್ಲಿ ದೊಡ್ಡವು.

ಮೊದಲ ಹ್ಯಾಂಗರನ್ನು ಬೇಗ ಮುಗಿಸುತ್ತೇನೆ. ಡೇಟನ್ ರೈಟ್ ಸಹೋದರರ ಊರು. ಸೈಕಲ್ ಅಂಗಡಿ ನಡೆಸುತ್ತಿದ್ದ ಇಬ್ಬರೂ 1903ರಲ್ಲಿ ಕಿಟಿ ಹಾಕ್‌ನ ಮರಳಿನ ಮೇಲೆ ಮೊದಲು ಹಾರಿದರು. ಆಮೇಲೆ ಊರಿಗೆ ಬಂದು ಹಫ್‌ಮನ್ ಪ್ರೇರಿ ಎಂಬ ಹುಲ್ಲುಗಾವಲಿನಲ್ಲಿ ತಿರುಗಿಸುವುದನ್ನೂ ಇಳಿಸುವುದನ್ನೂ ಪಳಗಿಸಿಕೊಂಡರು. ಆ ಹುಲ್ಲುಗಾವಲು ಈಗ ಇದೇ ವಾಯುನೆಲೆಯೊಳಗಿದೆ. 1909ರಲ್ಲಿ ಸೇನೆ ಅವರಿಂದ ಕೊಂಡ ವಿಮಾನದ ಪ್ರತಿಕೃತಿ ಇಲ್ಲಿ ನಿಂತಿದೆ: ಕಟ್ಟಿಗೆ, ಬಟ್ಟೆ, ತಂತಿ. ಅಲ್ಲಿಂದ ನಾಗಸಾಕಿಗೆ 36 ವರ್ಷ. ಬ್ಯಾಂಕಿನಲ್ಲಿ ನನ್ನ ನೌಕರಿಯೂ ಹೆಚ್ಚುಕಡಿಮೆ ಅಷ್ಟೇ ಕಾಲದ್ದು. ಆ ಅವಧಿಯಲ್ಲಿ ನಾವು ಲೆಡ್ಜರಿನಿಂದ ಕಂಪ್ಯೂಟರಿಗೆ ಬಂದದ್ದನ್ನೇ ದೊಡ್ಡ ಸಾಹಸ ಎಂದುಕೊಂಡಿದ್ದೆವು.

ಎರಡನೇ ಮಹಾಯುದ್ಧದ ವಿಭಾಗದಲ್ಲಿ ಜನ ಮುತ್ತಿಕೊಳ್ಳುವುದು ‘ಮೆಂಫಿಸ್ ಬೆಲ್’ ಎಂಬ ಬಿ-17 ಬಾಂಬರನ್ನು. ಇಂಗ್ಲೆಂಡಿನಿಂದ ಹೊರಟು ಯುರೋಪಿನ ಮೇಲೆ 25 ದಾಳಿ ಮುಗಿಸಿ, 1943ರಲ್ಲಿ ತವರಿಗೆ ಮರಳಿದ ವಿಮಾನ. ಅಂದಿನ ದಿನಗಳಲ್ಲಿ 25 ಮುಗಿಸುವುದು ಎಂದರೆ ಸಾವಿನ ಬಾಯಿಂದ ಬಂದಂತೆ. ಇಂಗ್ಲೆಂಡಿನಲ್ಲಿ ನೆಲೆಯೂರಿದ್ದ ಅಮೆರಿಕದ ಎಂಟನೇ ವಾಯುಪಡೆಯೊಂದೇ ಆ ಯುದ್ಧದಲ್ಲಿ 26,000ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಆಮೇಲೆ ವಿಮಾನವನ್ನು ಮೆಂಫಿಸ್ ನಗರಕ್ಕೆ ಕೊಟ್ಟರು. ದಶಕಗಟ್ಟಲೆ ಬಿಸಿಲು ಮಳೆಯಲ್ಲಿ ನಿಂತಿತ್ತು, ಜನ ಅದರ ಬಿಡಿಭಾಗಗಳನ್ನು ನೆನಪಿಗೆಂದು ಕಿತ್ತುಕೊಂಡು ಹೋದರು. ಇಂಥ ಭಕ್ತಿ ನಮ್ಮಲ್ಲಿ ಮಾತ್ರ ಇದೆ ಎಂದುಕೊಂಡಿದ್ದೆ. 2005ರಲ್ಲಿ ಡೇಟನ್‌ಗೆ ತಂದು, ಹನ್ನೆರಡು ವರ್ಷಕ್ಕೂ ಮೀರಿ ದುರಸ್ತಿ ಮಾಡಿ, 2018ರ ಮೇ ತಿಂಗಳಲ್ಲಿ ಜನರ ಮುಂದಿಟ್ಟರು. ಹತ್ತು ಮಂದಿ ಸಿಬ್ಬಂದಿಯ ಹೆಸರು, ಊರು, ಮುಖ ಎಲ್ಲವೂ ಗೋಡೆಯ ಮೇಲಿವೆ.

ಲಿಬರೇಟರ್ ಅಲ್ಲಿಂದ ದೂರವಿರಲಿಲ್ಲ. ಉತ್ತರ ಆಫ್ರಿಕದ ಮರುಭೂಮಿಯಿಂದ ಹಾರುತ್ತಿದ್ದದ್ದು, ಹಾಗಾಗಿ ಮೈಗೆ ಮಾಸಿದ ಗುಲಾಬಿ ಬಣ್ಣ. ಮೂತಿಯ ಮೇಲೆ ಬರೆದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆ ಬಿಟ್ಟು ಹೋದ ಇಪ್ಪತ್ತರ ಹುಡುಗರು ಇಡುವಂಥ ಹೆಸರು. ಅದು 59 ದಾಳಿಗಳಲ್ಲಿ ಹಾರಿದೆ. ಬಿ-17ರ ಅಂದ ಇದಕ್ಕಿಲ್ಲ. ಉಬ್ಬಿದ ಹೊಟ್ಟೆ, ಚಪ್ಪಟೆ ಕೆನ್ನೆ, ಎರಡು ಬಾಲ. ಆದರೆ ಅಮೆರಿಕ ಅತಿ ಹೆಚ್ಚು ಸಂಖ್ಯೆಯಲ್ಲಿ ಕಟ್ಟಿದ ಯುದ್ಧವಿಮಾನ ಇದೇ, 18,000ಕ್ಕೂ ಮಿಕ್ಕಿ. ಫೋರ್ಡ್ ಕಂಪನಿಯ ವಿಲೋ ರನ್ ಕಾರ್ಖಾನೆ ತನ್ನ ಭರಾಟೆಯ ದಿನಗಳಲ್ಲಿ ಸುಮಾರು ತಾಸಿಗೊಂದರಂತೆ ಇದನ್ನು ಹೊರಹಾಕುತ್ತಿತ್ತು.

ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಹಗ್ಗದ ಇತ್ತ ಕಡೆಯೇ ನೆಲಕ್ಕೆ ಮಂಡಿಯೂರಿದೆ. ಮೊಬೈಲನ್ನು ಕೈಲಾದಷ್ಟು ಒಳಗೆ ಚಾಚಿದೆ. ಇಂಜಿನ್ನುಗಳ ಕೆಳಗೆ ನೆಲದ ಮೇಲೆ ಅಗಲವಾದ ತಟ್ಟೆಗಳನ್ನಿಟ್ಟಿದ್ದರು. ಒಂದರಲ್ಲಿ ಕರಿಯ ಎಣ್ಣೆಯ ಹನಿಗಳು ಬಿದ್ದು ಹರಡಿ, ಅಂಚಿನಲ್ಲಿ ಧೂಳು ಹಿಡಿದಿತ್ತು. ಎಂಬತ್ತು ವರ್ಷದ ಯಂತ್ರ ಇನ್ನೂ ತೊಟ್ಟಿಕ್ಕುತ್ತಿದೆಯಲ್ಲ ಎಂದು ಅದನ್ನೂ ತೆಗೆದುಕೊಂಡೆ. ಮ್ಯೂಸಿಯಂನ ಸ್ವಯಂಸೇವಕರೊಬ್ಬರು, ನನಗಿಂತ ಹಿರಿಯರು, ಹತ್ತಿರ ಬಂದರು. ಏಳಲು ಕೈ ಕೊಡುತ್ತಾರೋ ಗದರುತ್ತಾರೋ ತಿಳಿಯಲಿಲ್ಲ. ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ನನ್ನ ಅಣ್ಣ ಭಾರತದಲ್ಲಿ ಇದರ ಮೇಲೆ ಕೆಲಸ ಮಾಡಿದ್ದಾನೆ ಎಂದೆ. ಯುದ್ಧದ ಕಾಲದಲ್ಲೇ? ಎಂದರು. ಅಲ್ಲ, 1968ರವರೆಗೆ ಎಂದೆ. ಆ ಮನುಷ್ಯ ಅಳಿಯಂದಿರ ಮುಖ ನೋಡಿದರು, ಮುದುಕಿ ಇಸವಿ ತಪ್ಪು ಹೇಳುತ್ತಿದ್ದಾಳೆಯೇ ಎಂಬಂತೆ. ಅಳಿಯಂದಿರಿಗೂ ಗೊತ್ತಿರಲಿಲ್ಲ. ಆ ಹೊತ್ತಿಗೆ ನನಗೆ ಬಂದ ಹುರುಪು ಹೇಳತೀರದು. ಕಾನ್ಪುರದ ಕತೆಯನ್ನು ನನ್ನ ಬ್ಯಾಂಕಿನ ಇಂಗ್ಲಿಷಿನಲ್ಲೇ ಹೇಳಿ ಮುಗಿಸಿದೆ.

ಕತೆ ಹೀಗಿದೆ. ಯುದ್ಧ ಮುಗಿದಾಗ ಭಾರತದಲ್ಲಿದ್ದ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಗುಡ್ಡೆ ಹಾಕಿದರು. ಸಾಲದ ಕರಾರಿನ ಮೇಲೆ ಅಮೆರಿಕ ಬ್ರಿಟಿಷರಿಗೆ ಕೊಟ್ಟ ಸಾಮಗ್ರಿ. ವಾಪಸ್ ಕೊಡಬೇಕು, ಇಲ್ಲವೇ ನಾಶ ಮಾಡಬೇಕು. ಮತ್ತೆ ಯಾರೂ ಹಾರಿಸದಂತೆ ಬೇಕೆಂದೇ ಅವುಗಳನ್ನು ಜಖಂ ಮಾಡಿ ಬಿಟ್ಟುಹೋದರು. ಸ್ವಾತಂತ್ರ್ಯ ಬಂದಾಗ ನಮ್ಮ ವಾಯುಪಡೆಯಲ್ಲಿ ಭಾರೀ ಬಾಂಬರ್ ಒಂದೂ ಇರಲಿಲ್ಲ, ಕೊಳ್ಳಲು ಹಣವೂ ಇರಲಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಆ ಗುಡ್ಡೆಗೆ ಕೈ ಹಾಕಿದರು. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಜೊತೆಗೂಡಿ 1940ರಲ್ಲಿ ಕಟ್ಟಿದ ಕಾರ್ಖಾನೆ ಅದು. ಯುದ್ಧಕಾಲದಲ್ಲಿ ಅಮೆರಿಕನ್ನರೇ ಅದನ್ನು ವಹಿಸಿಕೊಂಡು ತಮ್ಮ ವಿಮಾನಗಳನ್ನು ಅಲ್ಲಿ ದುರಸ್ತಿ ಮಾಡಿಸುತ್ತಿದ್ದರು. ಅಂದರೆ ನಮ್ಮ ಕೆಲಸಗಾರರ ಕೈ ಪಳಗಿದ್ದೇ ಅಮೆರಿಕದ ಲೋಹದ ಮೇಲೆ. ಒಂದರ ರೆಕ್ಕೆ, ಇನ್ನೊಂದರ ಬಾಲ, ಮತ್ತೊಂದರ ಇಂಜಿನ್ ಹೊಂದಿಸಿ, ಕಾನ್ಪುರದಿಂದ ಬೆಂಗಳೂರಿಗೆ ಹಾರುವಷ್ಟರ ಮಟ್ಟಿಗೆ ತೇಪೆ ಹಾಕುವುದು. ಬೆಂಗಳೂರಿನಲ್ಲಿ ಬಿಚ್ಚಿ ಸರಿಯಾಗಿ ಕಟ್ಟುವುದು. ಆ ತೇಪೆಯ ವಿಮಾನಗಳನ್ನು ಹಾರಿಸಿಕೊಂಡು ಬಂದವರು ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್ಶೇದ್ ಮುನ್ಷಿ. ಹೀಗೆ ನಲವತ್ತರಷ್ಟು ಬಾಂಬರುಗಳು ಎದ್ದು ನಿಂತವು. 1948ರಲ್ಲಿ ಅವುಗಳಿಂದಲೇ ನಮ್ಮ ಮೊದಲ ಭಾರೀ ಬಾಂಬರ್ ಸ್ಕ್ವಾಡ್ರನ್ ಹುಟ್ಟಿತು. ಉಳಿದ ದೇಶಗಳೆಲ್ಲ ಲಿಬರೇಟರನ್ನು ಗುಜರಿಗೆ ಹಾಕಿ ಮರೆತ ಮೇಲೂ ಇವು ಪುಣೆಯಿಂದ ಅರಬ್ಬೀ ಸಮುದ್ರದ ಮೇಲೆ ಕಾವಲು ಹಾರುತ್ತಿದ್ದವು, 1968ರ ಕೊನೆಯವರೆಗೆ.

ಆಮೇಲಿನದು ನನಗೆ ಇನ್ನೂ ಹಿಡಿಸಿದ ಭಾಗ. ಪಶ್ಚಿಮದ ಮ್ಯೂಸಿಯಂಗಳಿಗೆ ಲಿಬರೇಟರ್ ಬೇಕಾದಾಗ ಅವರ ಬಳಿ ಉಳಿದದ್ದು ಬೆರಳೆಣಿಕೆಯಷ್ಟು. ಹುಡುಕಿಕೊಂಡು ಭಾರತಕ್ಕೆ ಬಂದರು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿರುವುದು, ಕೆನಡಾದ ಒಟ್ಟಾವಾದಲ್ಲಿರುವುದು, ಅರಿಜೋನದ ಪಿಮಾ ಮ್ಯೂಸಿಯಂನಲ್ಲಿರುವುದು, ಎಲ್ಲವೂ ನಮ್ಮ ವಾಯುಪಡೆಯಿಂದ ಹೋದವು. ಮುರಿದು ಹಾಕಿ ಹೋದವರ ಮೊಮ್ಮಕ್ಕಳು ಅದನ್ನೇ ಬಣ್ಣ ಬಳಿದು ಹಗ್ಗ ಕಟ್ಟಿ ನೋಡುತ್ತಿದ್ದಾರೆ. ಡೇಟನ್‌ನ ಗುಲಾಬಿ ಲಿಬರೇಟರ್ ಮಾತ್ರ ಅಮೆರಿಕದಲ್ಲೇ ಉಳಿದದ್ದು. ಸ್ವಯಂಸೇವಕರು ನನ್ನ ಮಾತನ್ನೆಲ್ಲ ತಮ್ಮ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡು, ಅಣ್ಣನಿಗೆ ನಮಸ್ಕಾರ ತಿಳಿಸಿ ಎಂದರು.

ನಮಸ್ಕಾರ ತಲುಪಿಸಲು, ಫೋಟೊ ತೋರಿಸಲು ಊರಿಗೆ ಹೋದದ್ದು ಶುಂಠಿ ಕೀಳುವ ಕಾಲದಲ್ಲಿ. ಜಗಲಿಯ ಮೇಲೆ ಕನ್ನಡಕ ಏರಿಸಿಕೊಂಡು ಕುಳಿತ ಅಣ್ಣ, ಮೆಂಫಿಸ್ ಬೆಲ್ಲನ್ನು ಒಂದೇ ಬೆರಳಲ್ಲಿ ತಳ್ಳಿದ. ಲಿಬರೇಟರ್ ಬಂದಾಗ ಬೆರಳು ನಿಂತಿತು. ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. ಬಾಂಬಿನ ಬಾಗಿಲನ್ನು ತೋರಿಸಿ, ‘ನೋಡು, ಇದು ಹೊರಕ್ಕೆ ತೆರೆಯುವುದಿಲ್ಲ. ಅಂಗಡಿಯ ಶಟರಿನ ಹಾಗೆ ಪಕ್ಕೆಗುಂಟ ಸುತ್ತಿಕೊಂಡು ಮೇಲೆ ಹೋಗುತ್ತದೆ. ಒಳಗೆ ನಡೆಯಲು ಒಂಬತ್ತು ಇಂಚಿನ ಹಲಗೆ. ನಾನು ಅದರ ಮೇಲೆ ಪಾನಾ ಹಿಡಿದು ಓಡುತ್ತಿದ್ದೆ’ ಎಂದ. ಈಗ ಅವನಿಗೆ ಜಗಲಿಯಿಂದ ಇಳಿಯಲು ಕಂಬ ಬೇಕು.

ಎಣ್ಣೆಯ ತಟ್ಟೆ ಬಂದಾಗ ಮುಖವೇ ಬೆಳಗಿತು. ‘ಸೋರಬೇಕು! ಸೋರದೇ ಇದ್ದರೆ ಎಣ್ಣೆ ಮುಗಿದಿದೆ ಎಂದು ಅರ್ಥ.’ ಆಮೇಲೆ ವಿವರಿಸಿದ್ದು ಇದು. ಲಿಬರೇಟರಿನ ಇಂಜಿನ್ನಿನಲ್ಲಿ 14 ಸಿಲಿಂಡರುಗಳು ಎರಡು ಸುತ್ತಿನಲ್ಲಿ ಜೋಡಿಸಿರುತ್ತವೆ, ಕೆಲವು ಮೇಲ್ಮುಖ, ಕೆಲವು ಕೆಳಮುಖ. ರಾತ್ರಿಯಿಡೀ ನಿಂತ ವಿಮಾನದಲ್ಲಿ ಎಣ್ಣೆ ಮೆಲ್ಲಗೆ ಇಳಿದು ಕೆಳಗಿನ ಸಿಲಿಂಡರುಗಳಲ್ಲಿ ತುಂಬಿಕೊಳ್ಳುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಆ ಎಣ್ಣೆಗೆ ಹೊಡೆಯುತ್ತದೆ. ಗಾಳಿಯಾದರೆ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಗಲೇ ಮುರಿಯುವುದೂ ಇಲ್ಲ, ಮೇಲೆ ಹೋದ ಮೇಲೆ ಮುರಿಯುತ್ತದೆ. ಆದ್ದರಿಂದ ಬೆಳಗಿನ ಜಾವ, ಪೈಲಟ್ ಬರುವ ಮುಂಚೆಯೇ, ಪ್ರತಿ ಪ್ರೊಪೆಲ್ಲರನ್ನೂ ಕೈಯಿಂದ ತಿರುಗಿಸಬೇಕು. ಎಲ್ಲಿಯಾದರೂ ಬಿಗಿ ಎನಿಸಿದರೆ ಬಲ ಹಾಕುವಂತಿಲ್ಲ. ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಹರಿಸಬೇಕು. ಅಣ್ಣ ಕುಳಿತಲ್ಲೇ ಎರಡೂ ಅಂಗೈ ಮೇಲೆತ್ತಿ, ಕಾಣದ ಅಲಗನ್ನು ಹಿಡಿದು, ಭುಜದಿಂದ ತಳ್ಳಿ ತೋರಿಸಿದ. ‘ಅಲಗಿನ ಅಂಚಿಗೆ ಬೆರಳು ಸುತ್ತಬಾರದು. ಅಂಗೈ ಚಪ್ಪಟೆ. ಇಂಜಿನ್ ಹಿಂದಕ್ಕೆ ಒದ್ದರೆ ಕೈ ಜಾರಬೇಕು.’ ಡಿಸೆಂಬರಿನ ಪುಣೆಯಲ್ಲಿ ಆ ಲೋಹ ಎಷ್ಟು ತಣ್ಣಗಿರುತ್ತಿತ್ತೆಂದು ಹೇಳುತ್ತಾ ಅಂಗೈಗಳನ್ನು ಉಜ್ಜಿಕೊಂಡ.

ಇಷ್ಟೆಲ್ಲ ಆದ ಮೇಲೆ ಸಹಿ. ವಾಯುಪಡೆಯಲ್ಲಿ ಪ್ರತಿ ವಿಮಾನಕ್ಕೂ ಒಂದು ದಾಖಲೆ ಇರುತ್ತದೆ, ಫಾರ್ಮ್ 700. ಕೆಟ್ಟದ್ದೇನಿದ್ದರೂ ಅದಕ್ಕೆ ಅವರ ಮಾತು ‘ಸ್ನ್ಯಾಗ್’. ಸ್ನ್ಯಾಗ್ ಏನು, ಯಾರು ಸರಿಪಡಿಸಿದರು, ಯಾರು ಪರೀಕ್ಷಿಸಿದರು, ಎಲ್ಲಕ್ಕೂ ಸಹಿ ಬೀಳಬೇಕು. ಏರ್‌ಫ್ರೇಮಿನವನು, ಇಂಜಿನ್ನಿನವನು, ಎಲೆಕ್ಟ್ರಿಕಲ್‌ನವನು ತಂತಮ್ಮ ಪಾಲಿಗೆ ಸಹಿ ಮಾಡುತ್ತಾರೆ. ಎಲ್ಲರದೂ ಆದ ಮೇಲೆ ಪೈಲಟ್ ಓದಿ, ಒಪ್ಪಿಕೊಂಡೆ ಎಂದು ಸಹಿ ಹಾಕಿ ಏಣಿ ಹತ್ತುತ್ತಾನೆ. ಈ ಮಾತು ನನಗೆ ನೇರ ನಾಟಿತು. ನಾನೂ ಬದುಕಿಡೀ ಸಹಿಯ ಅನ್ನ ತಿಂದವಳು. ಚೆಕ್ಕಿನ ಮೇಲೆ, ಡ್ರಾಫ್ಟಿನ ಮೇಲೆ, ದಿನದ ಕೊನೆಗೆ ನಗದು ಪುಸ್ತಕದ ಮೇಲೆ. ಲೆಕ್ಕ ತಾಳೆಯಾಗದ ರಾತ್ರಿ ಕ್ಯಾಶ್ ಕೌಂಟರಿನಲ್ಲಿ ಕುಳಿತವರಿಗೆ ಗೊತ್ತು ಆ ಮೂರಕ್ಷರದ ಗೀಚಿನ ತೂಕ. ಆದರೆ ನನ್ನ ಸಹಿ ತಪ್ಪಿದರೆ ಹೋಗುವುದು ದುಡ್ಡು.

ಅಷ್ಟು ದೊಡ್ಡ ಮ್ಯೂಸಿಯಂನಲ್ಲಿ ನನಗೆ ಸಾಲದೆನಿಸಿದ್ದು ಇದು. ಅಮೆರಿಕದ ವಾಯುಪಡೆಯಲ್ಲಿ ಪೈಲಟ್ ಹೆಸರಿನ ಜೊತೆಗೆ ನೆಲದ ಮೇಲೆ ವಿಮಾನವನ್ನು ನೋಡಿಕೊಳ್ಳುವ ಕ್ರ್ಯೂ ಚೀಫ್ ಹೆಸರನ್ನೂ ವಿಮಾನದ ಮೇಲೆ ಬರೆಯುವ ಒಳ್ಳೆಯ ರೂಢಿಯಿದೆ. ಅಂಥ ಹೆಸರುಗಳ ಫೋಟೊ ತೋರಿಸಿದಾಗ ಅಣ್ಣ, ‘ಭಲೆ!’ ಎಂದ. ಆದರೂ ಫಲಕದ ಮೇಲಿನ ಕತೆ ಹೆಚ್ಚಿನಂಶ ಹಾರಿದವರದ್ದು. ಸಿಯಾಟಲ್‌ನ ಬೋಯಿಂಗ್ ಕಾರ್ಖಾನೆಯಲ್ಲಿ ಯುದ್ಧದ ನಡುವೆ ಕಟ್ಟಿದ ಐದು ಸಾವಿರನೇ ಬಿ-17ಕ್ಕೆ ‘ಫೈವ್ ಗ್ರ್ಯಾಂಡ್’ ಎಂದು ಹೆಸರಿಟ್ಟು, ಕಾರ್ಮಿಕರು, ಹೆಂಗಸರು ಗಂಡಸರು ಎಲ್ಲರೂ, ಅದರ ಮೈತುಂಬ ಸಹಿ ಹಾಕಿ ಕಳಿಸಿದ್ದರು. ಅದು ಯುದ್ಧ ಮುಗಿಸಿ ಸುಖವಾಗಿ ಮರಳಿತು. ಉಳಿಸಿಕೊಳ್ಳುವವರು ಸಿಗದೆ ಗುಜರಿಗೆ ಹೋಯಿತು.

ನಮ್ಮ ಜಿಲ್ಲೆಯವಳಾಗಿ ನನಗೆ ಇದು ಇನ್ನಷ್ಟು ಚುಚ್ಚುತ್ತದೆ. ಬೇಲೂರಿನ ದೇವಾಲಯವನ್ನು 1117ರಲ್ಲಿ ಪ್ರತಿಷ್ಠಾಪಿಸಿದವನು ವಿಷ್ಣುವರ್ಧನ. ಆದರೆ ಅಲ್ಲಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ನುಗ್ಗೇಹಳ್ಳಿಗೆ ಹೋದರೆ ಬೈಚೋಜ, ಮಲ್ಲಿತಮ್ಮ. ಉಳಿ ಹಿಡಿದವರು ತಮ್ಮ ಕೆಲಸದ ಕೆಳಗೆ ತಾವೇ ಹೆಸರು ಕೊರೆದರು, ರಾಜ ಬೇಡವೆನ್ನಲಿಲ್ಲ.

ಅದೇ ಹ್ಯಾಂಗರಿನಲ್ಲಿ ‘ಲೇಡಿ ಬಿ ಗುಡ್’ ಎಂಬ ಇನ್ನೊಂದು ಲಿಬರೇಟರಿನ ಅವಶೇಷಗಳೂ ಇವೆ. 1943ರ ಏಪ್ರಿಲ್ 4ರಂದು ಲಿಬಿಯಾದ ನೆಲೆಯಿಂದ ಮೊದಲ ದಾಳಿಗೆ ಹೋಗಿ, ರಾತ್ರಿ ಮರಳುವಾಗ ತನ್ನ ನೆಲೆಯನ್ನೇ ದಾಟಿ ಮರುಭೂಮಿಯೊಳಗೆ ಹಾರಿಹೋಯಿತು. ಕೆಳಗಿರುವುದು ಇನ್ನೂ ಸಮುದ್ರ ಎಂದೇ ಸಿಬ್ಬಂದಿ ನಂಬಿದ್ದರು. ಇಂಧನ ತೀರಿದಾಗ ಒಂಬತ್ತು ಮಂದಿಯೂ ಪ್ಯಾರಾಶೂಟಿನಲ್ಲಿ ಧುಮುಕಿದರು. ಒಬ್ಬ ಪ್ಯಾರಾಶೂಟ್ ಸರಿಯಾಗಿ ಬಿಚ್ಚದೆ ಸತ್ತ. ಉಳಿದ ಎಂಟು ಮಂದಿ ಒಂದಿಷ್ಟು ನೀರಿಟ್ಟುಕೊಂಡು ದಿನಗಟ್ಟಲೆ ಉತ್ತರಕ್ಕೆ ನಡೆದು ಮರಳಿನಲ್ಲಿ ಸತ್ತರು. ಖಾಲಿ ವಿಮಾನ ತಾನೇ ಇಳಿದು ನಿಂತಿತ್ತು. ಹದಿನೈದು ವರ್ಷದ ಮೇಲೆ ತೈಲ ಹುಡುಕುವವರ ಕಣ್ಣಿಗೆ ಬಿದ್ದಾಗ ಅದರ ರೇಡಿಯೊ ಕೆಲಸ ಮಾಡುತ್ತಿತ್ತು, ಮಷೀನ್‌ಗನ್ ಗುಂಡು ಹಾರಿಸುತ್ತಿತ್ತು, ಫ್ಲಾಸ್ಕಿನಲ್ಲಿದ್ದ ಚಹಾ ಕುಡಿಯುವಂತಿತ್ತು. ಇದನ್ನು ಹೇಳಿದಾಗ ಅಣ್ಣನಿಗೆ ಸತ್ತವರ ಮೇಲಿನ ಮರುಕದ ಜೊತೆಗೆ ಒಂದು ವಿಚಿತ್ರ ಹೆಮ್ಮೆಯೂ ಬಂದಂತೆ ಕಂಡಿತು. ‘ಫಿಟ್ಟರದ್ದು ತಪ್ಪಿಲ್ಲ’ ಎಂದು ಎರಡು ಸಲ ಹೇಳಿದ.

ಅಧ್ಯಕ್ಷರ ವಿಮಾನಗಳ ವಿಭಾಗದಲ್ಲಿ ಒಳಗೆ ಹತ್ತಿ ನೋಡಬಹುದು. 1963ರ ನವೆಂಬರ್ 22ರಂದು ಕೆನಡಿಯವರ ಶವವನ್ನು ಡಲ್ಲಾಸಿನಿಂದ ಹೊತ್ತು ತಂದ ಬೋಯಿಂಗ್ 707 ಅಲ್ಲಿದೆ. ಉಪಾಧ್ಯಕ್ಷರಾಗಿದ್ದ ಜಾನ್ಸನ್ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದೂ ಅದರೊಳಗೇ. ಓಣಿ ಬಹಳ ಕಿರಿದು, ಸ್ವಲ್ಪ ಮೈಯಿರುವವರು ಅಡ್ಡ ತಿರುಗಿ ನಡೆಯಬೇಕು. ಹಿಂಬದಿಯಲ್ಲಿ ಒಂದು ಜಾಗ. ಶವಪೆಟ್ಟಿಗೆಯನ್ನು ಸಾಮಾನಿನ ಗೂಡಿನಲ್ಲಿ ಸಾಗಿಸಲು ಮನಸ್ಸೊಪ್ಪದೆ, ಸಿಬ್ಬಂದಿ ಅವಸರವಸರವಾಗಿ ಅಲ್ಲಿನ ಆಸನಗಳನ್ನು ಕಿತ್ತು, ಅಡ್ಡಗೋಡೆಯನ್ನು ಕೊಯ್ದು ಜಾಗ ಮಾಡಿದರು. ಪಾಠದ ಪುಸ್ತಕದಲ್ಲಿ ಓದಿದ ಚರಿತ್ರೆಗಿಂತ ಆ ಕೊಯ್ದ ಗೋಡೆ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿತು. ಹಿಂದಿದ್ದವರು ಕೆಮ್ಮಿದ ಮೇಲೆಯೇ ಮುಂದಕ್ಕೆ ಹೋದದ್ದು. ಪಕ್ಕದಲ್ಲಿ ಎಕ್ಸ್‌ಬಿ-70 ಎಂಬ ಬೆಳ್ಳನೆಯ ದೈತ್ಯವಿದೆ, ಆರು ಇಂಜಿನ್, ಶಬ್ದದ ಮೂರು ಪಟ್ಟು ವೇಗ. ಕಟ್ಟಿದ್ದು ಎರಡೇ. ಇನ್ನೊಂದು 1966ರಲ್ಲಿ, ಇಂಜಿನ್ ತಯಾರಕರ ಪ್ರಚಾರದ ಫೋಟೊಗೆಂದು ಇತರ ವಿಮಾನಗಳ ಜೊತೆ ಸಾಲಾಗಿ ಹಾರುವಾಗ ಡಿಕ್ಕಿಯಾಗಿ ಬಿತ್ತು. ಇಬ್ಬರು ಸತ್ತರು. ಒಂದು ಜಾಹೀರಾತಿನ ಚಿತ್ರಕ್ಕೆ!

ಬಾಕ್ಸ್‌ಕಾರ್ ಬಗ್ಗೆ ಬರೆಯಲು ಇಷ್ಟು ಹೊತ್ತು ಹಿಂದೆಮುಂದೆ ನೋಡುತ್ತಿದ್ದೆ. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಾಂಬು ಹಾಕಿದ ಬಿ-29. ಹೊಳೆಯುವ ಬೆಳ್ಳಿ ಮೈ. ಮೂತಿಯ ಮೇಲೆ ರೆಕ್ಕೆ ಹಚ್ಚಿದ ರೈಲಿನ ಸರಕು ಡಬ್ಬಿಯ ಚಿತ್ರ, ಸಾಲ್ಟ್ ಲೇಕ್‌ನಿಂದ ನಾಗಸಾಕಿಗೆ ಹೊರಟದ್ದು. ದಾಳಿಯ ನಂತರ ಬಿಡಿಸಿದ ತಮಾಷೆ. ಎರಡನೇ ಮಹಾಯುದ್ಧವನ್ನು ಮುಗಿಸಿದ ವಿಮಾನ ಎಂದು ಫಲಕ ಹೇಳುತ್ತದೆ. ಪಕ್ಕದಲ್ಲಿ ‘ಫ್ಯಾಟ್ ಮ್ಯಾನ್’ ಬಾಂಬಿನ ದುಂಡನೆಯ ಹಳದಿ ಕವಚ. ಅದರ ಮುಂದೆ ನಿಂತು ಒಂದು ಕುಟುಂಬ ಸೆಲ್ಫಿ ತೆಗೆಯುತ್ತಿತ್ತು. ಆ ವರ್ಷದ ಕೊನೆಯ ಹೊತ್ತಿಗೆ ನಾಗಸಾಕಿಯಲ್ಲಿ ಸತ್ತವರು ಸುಮಾರು 70,000. ರೆಕ್ಕೆಯ ಉದ್ದ, ವೇಗ, ಇಂಜಿನ್ನಿನ ಬಲ ಎಲ್ಲದಕ್ಕೂ ಫಲಕದಲ್ಲಿ ಜಾಗವಿದೆ. ವಿಮಾನದ ಹೊಟ್ಟೆಯ ಕೆಳಗೆ ಇದ್ದ ಊರಿನ ಜನರ ಹೆಸರಿಗೆ ಅಲ್ಲಿ ಎಡೆಯಿಲ್ಲ. ಸೇನೆಯವರ ಮ್ಯೂಸಿಯಂನಿಂದ ಅದನ್ನು ನಿರೀಕ್ಷಿಸುವುದೂ ತಪ್ಪೇನೋ. ಆದರೆ ಬಿಟ್ಟಿ ಪ್ರವೇಶ ಕೊಟ್ಟವರು ಎಂಬ ದಾಕ್ಷಿಣ್ಯಕ್ಕೆ ನಾನು ಸುಮ್ಮನಿರಲಾರೆ.

ಅಣ್ಣ ಇದನ್ನು ಬೇರೆಯೇ ದಾರಿಯಿಂದ ಹಿಡಿದ. ಆ ದಿನದ ಹಾರಾಟದಲ್ಲಿ ಒಂದು ಸ್ನ್ಯಾಗ್ ಇತ್ತು. ಟಿನಿಯನ್ ದ್ವೀಪದಿಂದ ಹೊರಡುವ ಮುಂಚೆಯೇ ಇಂಧನದ ಒಂದು ಪಂಪ್ ಕೆಟ್ಟಿದೆ ಎಂದು ತಿಳಿದಿತ್ತು. ಸುಮಾರು 2,400 ಲೀಟರ್ ಇಂಧನ ಟ್ಯಾಂಕಿನಲ್ಲಿದ್ದರೂ ಬಳಸುವಂತಿರಲಿಲ್ಲ. ಪಂಪ್ ಬದಲಾಯಿಸಲು ತಾಸುಗಟ್ಟಲೆ ಬೇಕು. ಕಮಾಂಡರ್ ಚಾರ್ಲ್ಸ್ ಸ್ವೀನಿ ಹಾಗೆಯೇ ಹೊರಟರು. ಮೊದಲ ಗುರಿ ಕೊಕುರಾ. ಮೋಡವೋ ಹೊಗೆಯೋ ಕವಿದು ಮೂರು ಸಲ ಸುತ್ತಿದರೂ ಗುರಿ ಕಾಣಲಿಲ್ಲ. ಇಂಧನ ಕರಗುತ್ತಿತ್ತು. ನಾಗಸಾಕಿಗೆ ತಿರುಗಿದರು. ಬೆಳಗಿನ 11 ಗಂಟೆ 2 ನಿಮಿಷಕ್ಕೆ ಬಾಂಬು ಸಿಡಿಯಿತು. ತಮ್ಮ ದ್ವೀಪಕ್ಕೆ ಮರಳುವಷ್ಟು ಇಂಧನವಿಲ್ಲದೆ ಓಕಿನಾವಾದಲ್ಲಿ ಹೇಗೋ ಇಳಿದರು, ಟ್ಯಾಂಕು ಬರಿದಾಗುವ ಹೊತ್ತಿಗೆ.

‘ಪಂಪ್ ಕೆಟ್ಟ ವಿಮಾನಕ್ಕೆ ಯಾರು ಸಹಿ ಹಾಕಿದರು?’ ಎಂದು ಅಣ್ಣ ಕೇಳಿದ. ಬಾಂಬಿನ ಬಗ್ಗೆ ಅಲ್ಲ, ಪಂಪಿನ ಬಗ್ಗೆ. ನನಗೆ ರೇಗಿತು. ಸಹಿ ಬೇಕಾದಷ್ಟಿತ್ತು ಎಂದು, ಅಳಿಯಂದಿರು ಮೊಬೈಲಿಗೆ ಕಳಿಸಿದ್ದ ಹಳೆಯ ಚಿತ್ರ ತೋರಿಸಿದೆ. ಟಿನಿಯನ್‌ನಲ್ಲಿ ಬಾಂಬನ್ನು ಸಿದ್ಧಪಡಿಸಿದವರು ಅದರ ಮೈಮೇಲೆ ತಮ್ಮ ಹೆಸರು ಬರೆಯುತ್ತಿದ್ದಾರೆ, ಅಂಗಿಯಿಲ್ಲದ ಹುಡುಗರು. ಅಣ್ಣ ಅದನ್ನು ಬಹಳ ಹೊತ್ತು ನೋಡಿ, ‘ಇದು ಸಹಿಯಲ್ಲ’ ಎಂದ. ‘ಸಹಿ ಎಂದರೆ ನಾಳೆ ಏನಾದರೂ ಆದರೆ ನನ್ನನ್ನು ಕರೆದು ಕೇಳಿ ಎಂದು ಹಾಕುವುದು. ಇವರನ್ನು ಕರೆದು ಕೇಳುವವರು ಯಾರು?’

ಅಷ್ಟಕ್ಕೇ ಬಿಡುವವಳಲ್ಲ ನಾನು. 1971ರಲ್ಲಿ ಅವನು ಕ್ಯಾನ್‌ಬೆರಾ ಬಾಂಬರುಗಳ ಮೇಲಿದ್ದ. ಅವನ ಪತ್ರಗಳಲ್ಲಿ ಊರಿನ ಹೆಸರಿರುತ್ತಿರಲಿಲ್ಲ, 56 ಎ.ಪಿ.ಒ. ಎಂಬ ಸೇನಾ ಅಂಚೆಯ ವಿಳಾಸವಷ್ಟೇ. ನಮ್ಮ ಅವ್ವ ಆ ಅಂಕಿಯನ್ನೇ ಒಂದು ಊರು ಎಂದುಕೊಂಡು, ಅಲ್ಲಿ ಮಳೆ ಹೇಗಂತೆ ಎಂದು ಅಂಚೆಯವನನ್ನು ಕೇಳುತ್ತಿದ್ದಳು. ‘ನೀನು ಸಹಿ ಹಾಕಿ ಕಳಿಸಿದ ವಿಮಾನವೂ ಎಲ್ಲೋ ಬಾಂಬು ಹಾಕಿಯೇ ಬರುತ್ತಿತ್ತಲ್ಲ?’ ಎಂದೆ.

‘ಬರುತ್ತಿತ್ತು. ಬಂತೇ ಎಂದು ಎಣಿಸುತ್ತಿದ್ದೆವು. ಎಲ್ಲಿಗೆ ಹೋಗಿತ್ತು ಎಂದು ಕೇಳುತ್ತಿರಲಿಲ್ಲ.’

ಅತ್ತಿಗೆ ಕಾಫಿ ತಂದು, ಇವರಿಗೆ ಈ ವಯಸ್ಸಿನಲ್ಲಿ ಇದನ್ನೆಲ್ಲ ಯಾಕೆ ಕೆದಕುತ್ತೀಯ ಎಂದು ನನ್ನ ಮೇಲೆಯೇ ಹಾಯ್ದರು. ಅಣ್ಣನಿಗೆ ಕೆದಕಿದ್ದರಿಂದ ಏನೂ ಆಗಿರಲಿಲ್ಲ. ದೆಹಲಿಯ ಪಾಲಂನಲ್ಲಿರುವ ನಮ್ಮ ವಾಯುಪಡೆಯ ಮ್ಯೂಸಿಯಂನಲ್ಲಿ ಒಂದು ಲಿಬರೇಟರ್ ಇದೆ, ಎಚ್.ಇ. 924, ಅದನ್ನು ನೋಡಬೇಕು ಎಂದು ಶುರು ಮಾಡಿದ. ಆ ನಂಬರಿನದ್ದಕ್ಕೆ ತಾನೂ ಕೈ ಹಚ್ಚಿದ್ದೆನೇ ಇಲ್ಲವೇ ಎಂಬುದು ಅದರ ಕೆಳಗೆ ಹೋಗಿ ನಿಂತರೆ ನೆನಪಾಗುತ್ತದಂತೆ. ವಿಮಾನದಲ್ಲಿ ಹೋಗೋಣ, ನಾನೇ ಖರ್ಚು ನೋಡಿಕೊಳ್ಳುತ್ತೇನೆ ಎಂದೆ. ಬೇಡವಂತೆ, ರೈಲೇ ಆಗಬೇಕಂತೆ. ಈಗಿನ ವಿಮಾನಗಳಿಗೆ ಯಾರು ಸಹಿ ಹಾಕುತ್ತಾರೋ ತನಗೆ ಗೊತ್ತಿಲ್ಲ ಎನ್ನುತ್ತಾನೆ. ಶುಂಠಿಯ ದುಡ್ಡು ಕೈಸೇರಿದ ಮೇಲೆ ದಿನ ಗೊತ್ತುಮಾಡುವುದೆಂದು ಮಾತಾಗಿದೆ. ಕೆಳಗಿನ ಬರ್ತ್ ಎರಡು ಸಿಗಬೇಕು, ಅದೊಂದೇ ಚಿಂತೆ.